ಒಲೆ ಏನು ಹೇಳುತ್ತಿದೆ ಅಂತ ಕನ್ನಡದಲ್ಲಿ ಬರೆಸಿ: ಗಂಗಾವತಿಯಿಂದ ಒಂದು ಬಹಿರಂಗ ಪತ್ರ

ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಿಗೆ,
ರಾಜ್ಯದ ಗ್ರಾಹಕ ವ್ಯವಹಾರಗಳ ಇಲಾಖೆಯ ಅಧಿಕಾರಿಗಳಿಗೆ,
ಅಡುಗೆಮನೆಯ ವಿದ್ಯುತ್ ಉಪಕರಣಗಳನ್ನು ತಯಾರಿಸಿ ಮಾರುವ ಎಲ್ಲ ಕಂಪನಿಗಳ ಮುಖ್ಯಸ್ಥರಿಗೆ,

ಮಾನ್ಯರೇ,

ಹೋದ ಬೇಸಿಗೆಯಲ್ಲಿ ಒಂದು ದಿನ ನಾನು ಅಂಗಡಿಯ ಶಟರ್ ಎತ್ತುವ ಹೊತ್ತಿಗೇ ಹಿರಿಯ ತಾಯಿಯೊಬ್ಬರು ಕಟ್ಟೆಯ ಮೇಲೆ ಬಂದು ಕೂತಿದ್ದರು. ಕನಕಗಿರಿ ಕಡೆಯ ಹಳ್ಳಿಯವರು. ಇಂಡಕ್ಷನ್ ಒಲೆಯನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ, ಮೊದಲ ಬಸ್ಸಿಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಏನಾಗಿದೆ ಅಂತ ಕೇಳಿದೆ. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟರು. ಒಲೆಯ ಮೇಲೆ ಕಂಡದ್ದನ್ನು ಅದರಲ್ಲಿ ಕಂಡ ಹಾಗೆಯೇ ಗೀಚಿಕೊಂಡು ಬಂದಿದ್ದರು. "ಹಣಿಗಿ ಬರಾಕತ್ತೈತಿ ತಮ್ಮಾ, ಅದರ ಬಾಜೂಕ ಒಂದು ಕೋಲು. ಒಲಿ ಹತ್ತವಲ್ದು," ಅಂದರು.

ಮೂರು ಹಲ್ಲಿನ ಹಣಿಗೆ ಅಂದರೆ ಇಂಗ್ಲಿಷಿನ ಇ. ಕೋಲು ಅಂದರೆ ಒಂದು. ಇ-1.

ಒಲೆಯನ್ನು ನನ್ನ ಬೋರ್ಡಿಗೆ ಹಚ್ಚಿ ಒಂದು ತಂಬಿಗೆ ನೀರು ಇಟ್ಟೆ. ಎರಡು ನಿಮಿಷಕ್ಕೆ ನೀರು ಕುದಿಯಿತು. ಒಲೆಗೆ ಏನೂ ಆಗಿರಲಿಲ್ಲ. ಆ ಕಂಪನಿಯ ಆ ಮಾಡಲ್‌ನಲ್ಲಿ ಇ-1 ಅಂದರೆ ಮನೆಗೆ ಬರುವ ಕರೆಂಟಿನ ವೋಲ್ಟೇಜ್ ಕಡಿಮೆ ಇದೆ ಅಂತ. ಸಂಜೆ ಹೊತ್ತು ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ಕೂಲರ್, ಮೋಟಾರು, ಎಲ್ಲ ಒಟ್ಟಿಗೆ ಲೋಡ್ ಬಿದ್ದಾಗ ವೋಲ್ಟೇಜ್ ಇಳಿಯುತ್ತದೆ. ಒಲೆ ತನ್ನನ್ನು ಕಾಪಾಡಿಕೊಳ್ಳಲು ಬಂದ್ ಆಗುತ್ತದೆ. ಒಂದು ತಾಸು ಬಿಟ್ಟು ಹಚ್ಚಿದ್ದರೆ ಮನೆಯಲ್ಲೇ ಹತ್ತುತ್ತಿತ್ತು. ಅವರು ಒಂದು ದಿನದ ಕೂಲಿ ಬಿಟ್ಟಿದ್ದರು, ಹಿಂದಿನ ರಾತ್ರಿ ಅಡುಗೆ ಅರ್ಧಕ್ಕೆ ನಿಂತಿತ್ತು, ಒಲೆ ಹಾಳಾಯಿತು ಅಂತ ಮಗನ ಕೈಲಿ ಬೈಸಿಕೊಂಡಿದ್ದರು.

ಈ ತಾಯಿ ಕನ್ನಡ ಓದಬಲ್ಲವರು. ಬಸ್ಸಿನ ಬೋರ್ಡು ತಾವೇ ಓದಿ ಹತ್ತಿ ಬಂದವರು, ನನ್ನ ಅಂಗಡಿಯ ಹೆಸರು ತಾವೇ ಓದಿ ಹುಡುಕಿದವರು. ಒಲೆಯ ಬದಿಗೆ "ಕರೆಂಟು ಕಡಿಮೆ ಇದೆ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿ" ಅಂತ ಒಂದು ಸಾಲು ಅಂಟಿಸಿದ್ದರೆ ಅವರು ಮನೆ ಬಿಟ್ಟು ಹೊರಡುತ್ತಲೇ ಇರಲಿಲ್ಲ. ಆ ಒಂದು ಸಾಲನ್ನು ಕೇಳಲಿಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಐಟಿಐ ಓದಿದವನು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗಂಗಾವತಿಯಲ್ಲಿ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಮೊದಲು ಮಿಕ್ಸರ್, ಫ್ಯಾನು, ಮೋಟಾರು ವೈಂಡಿಂಗ್ ಇಷ್ಟೇ ಇತ್ತು. ಈಗ ಅಂಗಡಿಗೆ ಬರುವುದರಲ್ಲಿ ಇಂಡಕ್ಷನ್ ಒಲೆಗಳೇ ಹೆಚ್ಚು. 2023ರಲ್ಲಿ ಗೃಹಜ್ಯೋತಿ ಬಂದು 200 ಯೂನಿಟ್‌ವರೆಗೆ ಕರೆಂಟು ಬಿಲ್ಲಿನ ಚಿಂತೆ ತಪ್ಪಿದ ಮೇಲೆ ಹಳ್ಳಿ ಮನೆಗಳಲ್ಲೂ ಗ್ಯಾಸಿನ ಪಕ್ಕ ಒಂದು ಇಂಡಕ್ಷನ್ ಬಂದು ಕೂತಿತು. ಗೃಹಲಕ್ಷ್ಮಿಯ 2000 ರೂಪಾಯಿಯನ್ನು ಎರಡು-ಮೂರು ತಿಂಗಳು ಕೂಡಿಸಿ ಇದನ್ನು ಕೊಂಡೆ ಅಂತ ಹೆಮ್ಮೆಯಿಂದ ಹೇಳುವ ಅಕ್ಕತಂಗಿಯರನ್ನು ನೋಡಿದ್ದೇನೆ. ತಮ್ಮ ಹೆಸರಿನ ದುಡ್ಡಿನಲ್ಲಿ ತಾವೇ ಆರಿಸಿ ತಂದ ಸಾಮಾನು ಅದು. ಅದು ಮೊದಲ ಸಲ ಮಾತಾಡಿದಾಗ ಅವರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡುತ್ತದೆ.

ಕೋಡ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಕೋಡ್ ಬಂತು ಅಂದರೆ ಸಾಮಾನು ಕೆಟ್ಟಿತು ಅಂತಲೇ ಎಲ್ಲರೂ ತಿಳಿಯುತ್ತಾರೆ. ಇಂಡಕ್ಷನ್ ಒಲೆಯ ಗಾಜಿನ ಕೆಳಗೆ ತಾಮ್ರದ ತಂತಿಯ ಚಕ್ಕುಲಿಯಂಥ ಒಂದು ಕಾಯಿಲ್ ಇರುತ್ತದೆ. ಅದರಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ಕರೆಂಟು ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಶಕ್ತಿ ಪಾತ್ರೆಯ ಕಬ್ಬಿಣದ ತಳದಲ್ಲಿ ಸುಳಿಗಳಾಗಿ ಸುತ್ತಿ, ಪಾತ್ರೆಯನ್ನೇ ಬಿಸಿ ಮಾಡುತ್ತದೆ. ಈ ಕೆಲಸವನ್ನು ಕಾಯಲು ಒಳಗೊಂದು ಚಿಪ್ ಇದೆ. ಅದು ಬರುವ ವೋಲ್ಟೇಜ್ ನೋಡುತ್ತದೆ, ಮೇಲೆ ಪಾತ್ರೆ ಇದೆಯೋ ಇಲ್ಲವೋ ನೋಡುತ್ತದೆ, ಗಾಜಿನ ಬಿಸಿ ನೋಡುತ್ತದೆ, ಕರೆಂಟನ್ನು ಕಡಿದು ಕೂಡಿಸುವ ಐಜಿಬಿಟಿ ಎಂಬ ಭಾಗದ ಬಿಸಿಯನ್ನೂ ನೋಡುತ್ತದೆ. ಇವುಗಳಲ್ಲಿ ಯಾವುದಾದರೂ ಮಿತಿ ದಾಟಿದರೆ ಒಲೆಯನ್ನು ನಿಲ್ಲಿಸಿ ಒಂದು ಅಕ್ಷರ, ಒಂದು ಅಂಕಿ ತೋರಿಸುತ್ತದೆ. ಕೋಡ್ ಬರುವುದೆಂದರೆ ಹೆಚ್ಚಿನ ಸಲ ಒಲೆಯ ಬುದ್ಧಿ ಸರಿಯಾಗಿದೆ ಅಂತಲೇ ಅರ್ಥ. ಕೋಡ್ ಬಂತೆಂದು ತಂದ ಬಹಳಷ್ಟು ಒಲೆಗಳಿಗೆ ನಾನು ಸ್ಕ್ರೂ ಬಿಚ್ಚಿಯೇ ಇಲ್ಲ.

ಪಾತ್ರೆಯ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಅಡುಗೆಮನೆಯಲ್ಲಿ ಜರ್ಮನ್ ಪಾತ್ರೆ ಬಹಳ, ಅಂದರೆ ಅಲ್ಯೂಮಿನಿಯಂ. ಅದನ್ನು ಬರೀ ಅಯಸ್ಕಾಂತ ಹಚ್ಚಿ ನೋಡಿದರೆ ಸಾಕು, ಅಂಟುವುದಿಲ್ಲ; ಇಂಡಕ್ಷನ್ ಒಲೆಗೂ ಅದು ಕಾಣುವುದಿಲ್ಲ. ತಾಮ್ರದ ಹಂಡೆ, ಮಣ್ಣಿನ ಗಡಿಗೆಯ ಕಥೆಯೂ ಅಷ್ಟೇ. ಸ್ಟೀಲ್ ಪಾತ್ರೆಯಲ್ಲೂ ಕೆಲವಕ್ಕೆ ಅಂಟುತ್ತದೆ, ಕೆಲವಕ್ಕೆ ಅಂಟುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು ರೊಟ್ಟಿ ಹಂಚು. ಹಂಚು ಅಪ್ಪಟ ಕಬ್ಬಿಣ, ಅಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತದೆ. ಆದರೂ ಒಲೆ ಪಾತ್ರೆ ಇಲ್ಲ ಅನ್ನುತ್ತದೆ. ಹಳೇ ಹಂಚಿನ ತಳ ಗುಂಡಗಿರುತ್ತದೆ, ನಡುವೆ ಒಂದೇ ಕಡೆ ಗಾಜಿಗೆ ತಾಗುತ್ತದೆ, ಉಳಿದದ್ದೆಲ್ಲ ಎತ್ತರದಲ್ಲಿ ನಿಲ್ಲುತ್ತದೆ. ಕಾಯಿಲ್‌ನ ಶಕ್ತಿ ಅಷ್ಟು ದೂರ ಮುಟ್ಟುವುದಿಲ್ಲ. ಹಾಗೆ ಹಂಚು ಇಟ್ಟು, ಕೋಡ್ ಬಂದು, "ಹೊಸಾ ಒಲೀನ ಕೆಟ್ಟದ್ದು ಕೊಟ್ಟಾರ್ರೀ" ಅಂತ ಅಂಗಡಿಯವನ ಜೊತೆ ಜಗಳ ಮಾಡಿಕೊಂಡು ಬಂದವರು ಎಷ್ಟೋ ಜನ. ಜಗಳದಲ್ಲಿ ಅವರದೂ ತಪ್ಪಿಲ್ಲ, ಅಂಗಡಿಯವನದೂ ತಪ್ಪಿಲ್ಲ. ಸಪಾಟ ತಳದ ಹಂಚು ಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಬಿಸಿಯ ಕೋಡ್ ಇನ್ನೊಂದು. ಒಲೆಯ ಕೆಳಗೆ ಫ್ಯಾನ್ ಇರುತ್ತದೆ, ಅದು ತಳದ ಜಾಲರಿಯಿಂದ ಗಾಳಿ ಎಳೆಯುತ್ತದೆ. ಕಟ್ಟೆ ಗಲೀಜಾಗಬಾರದು ಅಂತ ಕೆಳಗೆ ಪೇಪರೋ ಪ್ಲಾಸ್ಟಿಕ್ ಹಾಳೆಯೋ ಹಾಸಿದರೆ ಫ್ಯಾನ್ ಅದನ್ನೇ ಎಳೆದು ಜಾಲರಿಗೆ ಅಂಟಿಸಿಕೊಳ್ಳುತ್ತದೆ. ಗಾಳಿ ಇಲ್ಲ, ಒಳಗೆ ಬಿಸಿ ಏರುತ್ತದೆ, ಒಲೆ ನಿಲ್ಲುತ್ತದೆ. ರೊಟ್ಟಿ ಬಡಿಯುವ ಮನೆಯಲ್ಲಿ ಜೋಳದ ಹಿಟ್ಟಿನ ಪುಡಿ ಒಳಗೆ ಸೇರಿ ಎಣ್ಣೆ ಜಿಡ್ಡಿನ ಜೊತೆ ಗಟ್ಟಿಯಾಗಿ ಫ್ಯಾನಿನ ರೆಕ್ಕೆಯನ್ನೇ ಹಿಡಿದುಬಿಡುತ್ತದೆ. ಜಿರಲೆಗಳಿಗೂ ಆ ಬೆಚ್ಚನೆಯ ಜಾಗ ಬಹಳ ಇಷ್ಟ. ಬೋರ್ಡಿನ ಮೇಲೆ ಸಂಸಾರ ಹೂಡಿ ಶಾರ್ಟ್ ಮಾಡುತ್ತವೆ. ಅಡುಗೆ ಮುಗಿದ ಕೂಡಲೇ ಪ್ಲಗ್ ಕಿತ್ತರೂ ತೊಂದರೆ: ಒಲೆ ಆರಿಸಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗಬೇಕು, ಒಳಗಿನ ಬಿಸಿ ಹೊರಗೆ ಹೋಗಬೇಕು. ಇದನ್ನೆಲ್ಲ ನಾನು ಬಂದವರಿಗೆ ಬಾಯಿಂದ ಹೇಳುತ್ತೇನೆ. ಬಾರದವರಿಗೆ ಯಾರು ಹೇಳಬೇಕು?

ಈಗ ನನ್ನ ನಿದ್ದೆ ಕೆಡಿಸಿದ ಸಂಗತಿಗೆ ಬರುತ್ತೇನೆ.

ಎರಡು ವರ್ಷದ ಹಿಂದೆ ಒಂದು ಸಂಜೆ ಜೋರು ಗಾಳಿ, ಜೊತೆಗೆ ನಾಲ್ಕು ಹನಿ ಮಳೆ. ಅರ್ಧ ತಾಸಿನಲ್ಲಿ ನಮ್ಮ ಪಕ್ಕದ ಓಣಿಯಿಂದ ಒಬ್ಬ ಹುಡುಗ ಓಡಿ ಬಂದ. ಅವನ ತಾಯಿಯ ಒಲೆಯಲ್ಲಿ ಇ-3 ಬರುತ್ತಿತ್ತು. ಅವನ ಜೊತೆ ಮಾತಾಡುತ್ತಿರುವಾಗಲೇ ಅದೇ ಓಣಿಯ ಇನ್ನೊಬ್ಬ ಅಕ್ಕ ಫೋನ್ ಮಾಡಿದರು, ಅವರದರಲ್ಲಿ ಇ-7. ಎರಡೂ ಬೇರೆ ಬೇರೆ ಕಂಪನಿ. ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ, ಅದರಲ್ಲಿ ಕಂಪನಿವಾರು ಕೋಡ್ ಬರೆದಿಟ್ಟಿದ್ದೇನೆ. ತೆಗೆದು ನೋಡಿದೆ. ಹುಡುಗನ ಮನೆಯ ಇ-3 ಅಂದರೆ ವೋಲ್ಟೇಜ್ ವಿಪರೀತ ಹೆಚ್ಚು. ಅಕ್ಕನ ಮನೆಯ ಇ-7 ಅಂದರೆ ವೋಲ್ಟೇಜ್ ವಿಪರೀತ ಕಡಿಮೆ. ಒಂದೇ ಓಣಿ, ಒಂದೇ ಕಂಬ, ಒಂದು ಮನೆಗೆ ಹೆಚ್ಚು, ಒಂದು ಮನೆಗೆ ಕಡಿಮೆ. ಕರೆಂಟಿನ ಕೆಲಸ ಗೊತ್ತಿದ್ದವರಿಗೆ ಇದರ ಅರ್ಥ ಒಂದೇ: ಕಂಬದಲ್ಲಿ ನ್ಯೂಟ್ರಲ್ ಕಡಿದಿದೆ.

ತಿಳಿಯದವರಿಗಾಗಿ ಬಿಡಿಸಿ ಹೇಳುತ್ತೇನೆ. ಓಣಿಯ ಮನೆಗಳನ್ನು ಮೂರು ಫೇಸ್‌ಗಳಿಗೆ, ಅಂದರೆ ಕರೆಂಟು ತರುವ ಮೂರು ತಂತಿಗಳಿಗೆ, ಹಂಚಿರುತ್ತಾರೆ, ಕರೆಂಟು ಮರಳಿ ಹೋಗುವ ನ್ಯೂಟ್ರಲ್ ತಂತಿ ಎಲ್ಲರಿಗೂ ಒಂದೇ. ಅದು ಗಟ್ಟಿ ಇದ್ದರೆ ಪ್ರತಿ ಮನೆಗೆ 230 ವೋಲ್ಟ್ ಆಸುಪಾಸು ಬರುತ್ತದೆ. ಅದು ಕಡಿದರೆ ಮನೆಗಳು ಒಂದಕ್ಕೊಂದು ಜೋಡಿಸಿದಂತಾಗಿ, ಎರಡು ಫೇಸ್‌ಗಳ ನಡುವಿನ 400ರಷ್ಟು ವೋಲ್ಟನ್ನು ಹಂಚಿಕೊಳ್ಳುತ್ತವೆ. ಹಂಚಿಕೆ ಸಮ ಇರುವುದಿಲ್ಲ. ಹೆಚ್ಚು ಲೋಡ್ ಇರುವ ಫೇಸಿನ ಮನೆಗೆ ಕಡಿಮೆ, ಕಡಿಮೆ ಲೋಡ್ ಇರುವ ಮನೆಗೆ 300 ದಾಟಿ ನುಗ್ಗುತ್ತದೆ. ಬಲ್ಬು ಒಂದು ಮನೆಯಲ್ಲಿ ಮಿಣುಕು, ಪಕ್ಕದ ಮನೆಯಲ್ಲಿ ಕಣ್ಣು ಕುಕ್ಕುವಷ್ಟು ಬೆಳಕು.

ನಾನು ಆ ಹುಡುಗನಿಗೆ "ಮನಿಗೆ ಓಡು, ಮೇನ್ ಬಂದ್ ಮಾಡು, ಎಡಕ ಬಲಕ ಇದ್ದವರಿಗೂ ಕೂಗಿ ಹೇಳು" ಅಂದೆ. ಕರೆಂಟಿನ ದೂರು ಹೇಳುವ 1912ಕ್ಕೆ ಫೋನ್ ಮಾಡಿದೆ. ಲೈನ್‌ಮನ್ ಬಂದರು, ಕಂಬ ಹತ್ತಿದರು, ಸುಟ್ಟಿದ್ದ ಜೋಡಣೆಯನ್ನು ಹೊಸದು ಮಾಡಿದರು. ಅಷ್ಟರಲ್ಲಿ ಓಣಿಯ ಕೊನೆಯ ಮನೆಯಲ್ಲಿ ಫ್ರಿಜ್ಜೂ ಟಿವಿಯೂ ಸುಟ್ಟಿದ್ದವು. ಆ ಮನೆಯಲ್ಲಿ ಗಂಡ ಇಲ್ಲ, ಅಕ್ಕ ಹೊಲಿಗೆ ಮಾಡಿ ಮಕ್ಕಳನ್ನು ಓದಿಸುತ್ತಾರೆ. ನನಗೆ ಮಾತು ಬಾರದಂತಾದದ್ದು ಅವರು ಆಮೇಲೆ ಹೇಳಿದ ಮಾತಿಗೆ. ಫ್ರಿಜ್ ಸುಡುವುದಕ್ಕೆ ಹತ್ತು ನಿಮಿಷ ಮೊದಲು ಅವರ ಇಂಡಕ್ಷನ್ ಒಲೆಯೂ ಕೂಗಿ ಕೋಡ್ ತೋರಿಸಿತ್ತಂತೆ. "ಪಾತ್ರಿ ಸರೀ ಇಟ್ಟಿಲ್ಲೇನೋ ಅಂತ ಎತ್ತಿ ಎತ್ತಿ ಇಟ್ಟೆರಿ ಅಣ್ಣಾರ," ಅಂದರು. ಮನೆಯಲ್ಲಿದ್ದ ಒಂದೇ ಒಂದು ಸಾಮಾನು ಕಂಬದ ಮೇಲಿನ ಅಪಾಯವನ್ನು ಕಂಡುಹಿಡಿದಿತ್ತು, ತಾನು ಬಂದ್ ಆಗಿ ಉಳಿದುಕೊಂಡಿತ್ತು, ಹೇಳಲೂ ಹೇಳಿತ್ತು. ಅದಕ್ಕೆ "ಕರೆಂಟು ಹೆಚ್ಚು ಬರುತ್ತಿದೆ, ಮೇನ್ ಬಂದ್ ಮಾಡಿ" ಅಂತ ಹೇಳಲು ಬರುತ್ತಿರಲಿಲ್ಲ.

ಮಾನ್ಯರೇ, ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಇಷ್ಟು ಚೆನ್ನಾಗಿ ಯೋಚಿಸಿ ಯಂತ್ರ ಮಾಡಿದ ಎಂಜಿನಿಯರುಗಳ ಮೇಲೆ ಗೌರವವಿದೆ. ಕೊನೆಯ ಒಂದು ಹೆಜ್ಜೆ ಉಳಿದುಬಿಟ್ಟಿದೆ, ಅದೇ ನನ್ನ ಸಂಕಟ.

ಕೋಡ್‌ಗಳ ಅರ್ಥ ಎಲ್ಲಿರುತ್ತದೆ? ಡಬ್ಬಿಯೊಳಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ, ಇರುವೆ ಗಾತ್ರದ ಇಂಗ್ಲಿಷಿನಲ್ಲಿ, ಕೆಲವದರಲ್ಲಿ ಹಿಂದಿಯಲ್ಲೂ. ಪುಸ್ತಿಕೆ ಆರು ತಿಂಗಳು ಉಳಿದರೆ ಹೆಚ್ಚು. ಒಲೆ ಆರು ವರ್ಷ ಇರುತ್ತದೆ. ಅಂತರ್ಜಾಲದಲ್ಲಿ ಹುಡುಕಿ ಅನ್ನುವವರಿದ್ದಾರೆ. ಹುಡುಕಿದರೆ ಬೇರೆ ಕಂಪನಿಯ ಅರ್ಥ ಸಿಗುತ್ತದೆ, ಅದು ಇನ್ನೂ ಕೆಟ್ಟದ್ದು. ಯಾಕೆಂದರೆ ಒಂದು ಕಂಪನಿಯ ಇ-1 ಪಾತ್ರೆ ಇಲ್ಲ ಅಂತ, ಇನ್ನೊಂದರ ಇ-1 ಕರೆಂಟು ಕಡಿಮೆ ಅಂತ, ಮತ್ತೊಂದರಲ್ಲಿ ಅದೇ ಇ-1 ಗಾಜಿನ ಕೆಳಗಿನ ಸೆನ್ಸರ್ ಕಡಿದಿದೆ ಅಂತ. ಒಂದೇ ಕಂಪನಿಯ ಹಳೇ ಮಾಡಲ್‌ಗೂ ಹೊಸ ಮಾಡಲ್‌ಗೂ ಅರ್ಥ ಬದಲಾಗಿರುವುದನ್ನು ನೋಡಿದ್ದೇನೆ. ಗಾಡಿ ಓಡಿಸುವವರಿಗೆ ಕೆಂಪು ದೀಪ ಅಂದರೆ ನಿಲ್ಲು ಅಂತ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಅರ್ಥ. ಒಲೆಗೆ ಯಾಕೆ ಹಾಗಿರಬಾರದು?

ಇದರ ಪೆಟ್ಟು ನಮ್ಮಂಥ ಮೆಕ್ಯಾನಿಕ್‌ಗಳ ಮೇಲೂ, ನಮ್ಮಿಂದ ಗಿರಾಕಿಯ ಮೇಲೂ ಬೀಳುತ್ತದೆ. ಸೆನ್ಸರ್ ಅಂದರೆ ಒಂದು ಪುಟ್ಟ ಥರ್ಮಿಸ್ಟರ್, ಗಾಜಿನ ನಡುವೆ ಬಿಳೀ ಪೇಸ್ಟ್ ಹಚ್ಚಿ ಕೂರಿಸಿರುತ್ತಾರೆ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಚಿಪ್ ಅದನ್ನು ಅಳೆದು ಬಿಸಿಯ ಲೆಕ್ಕ ತಿಳಿಯುತ್ತದೆ. ಅದರ ಬೆಲೆ ನಮಗೆ 30-40 ರೂಪಾಯಿ. ಮೀಟರ್ ಹಿಡಿದು ಐದು ನಿಮಿಷದಲ್ಲಿ ಚೆಕ್ ಮಾಡಬಹುದು. ಆದರೆ ಕೋಡ್‌ನ ಅರ್ಥ ಗೊತ್ತಿಲ್ಲದ ಹುಡುಗ ಪೂರ್ತಿ ಬೋರ್ಡೇ ಹೋಗಿದೆ ಅನ್ನುತ್ತಾನೆ, ಬೋರ್ಡಿಗೆ ಸಾವಿರದ ಮೇಲೆ. ಮೋಸ ಮಾಡಬೇಕು ಅಂತ ಅಲ್ಲ, ಅವನಿಗೆ ಹೇಳಿಕೊಟ್ಟವರಿಲ್ಲ. ಪುಸ್ತಿಕೆ ಕಳೆದ ಮೇಲೆ ಆ ಪಟ್ಟಿ ಕಂಪನಿಯ ಸರ್ವಿಸ್ ಸೆಂಟರ್‌ನವರ ಹತ್ತಿರವೇ ಉಳಿಯುತ್ತದೆ. ಎಷ್ಟೋ ಕಂಪನಿಗಳ ಸರ್ವಿಸ್ ಸೆಂಟರ್ ನಮಗೆ ಹತ್ತಿರ ಅಂದರೆ ಹೊಸಪೇಟೆ, ಇಲ್ಲವೆ ಬಳ್ಳಾರಿ, ಇಲ್ಲವೆ ಹುಬ್ಬಳ್ಳಿ. ನಾವು ಮೆಕ್ಯಾನಿಕ್‌ಗಳು ವಾಟ್ಸಾಪ್‌ನಲ್ಲಿ ಒಬ್ಬರಿಗೊಬ್ಬರು ಫೋಟೊ ಕಳಿಸಿ, ಸಿಂಧನೂರಿನವರು ಒಂದು ಕೋಡ್ ಹೇಳಿ, ಕಾರಟಗಿಯವರು ಒಂದು ಹೇಳಿ, ಹೀಗೆ ಕೂಡಿಸಿದ್ದೇ ನನ್ನ ಆ ನೋಟ್‌ಬುಕ್. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆದು, ಮನೆಬಳಕೆಯ ಸಾಮಾನನ್ನೂ ಅದರಲ್ಲಿ ಸೇರಿಸಿತು. ಫ್ರಾನ್ಸ್ ದೇಶದಲ್ಲಿ 2021ರಿಂದ ಕೆಲವು ಸಾಮಾನುಗಳ ಮೇಲೆ ರಿಪೇರಿಗೆ ಎಷ್ಟು ಸುಲಭ ಅಂತ ಅಂಕ ಬರೆಯಲೇಬೇಕು, ರಿಪೇರಿ ಮಾಹಿತಿ ಸಿಗುತ್ತದೋ ಇಲ್ಲವೋ ಅನ್ನುವುದಕ್ಕೂ ಅದರಲ್ಲಿ ಅಂಕವಿದೆ. ಅಂದರೆ ದಾರಿ ಹೊಸದಲ್ಲ.

ಒಲೆ ಬಿಟ್ಟು ಬೇರೆಯದೂ ಇದೆ. ಮಿಕ್ಸರ್‌ಗೆ ಕೋಡ್ ತೋರಿಸುವ ಪರದೆಯೇ ಇಲ್ಲ, ಆದರೆ ಅದರ ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಶೇಂಗಾ ಚಟ್ನಿಗೆ ಹೆಚ್ಚು ತುಂಬಿ ಮೋಟಾರಿಗೆ ಭಾರವಾದರೆ ಅದು ಹೊರಗೆ ಚಿಮ್ಮಿ ಕರೆಂಟು ಕಡಿಯುತ್ತದೆ. ಐದು ನಿಮಿಷ ಆರಲು ಬಿಟ್ಟು ಒತ್ತಿದರೆ ಮತ್ತೆ ಶುರು. ಹಬ್ಬದ ಹಿಂದಿನ ದಿನ ಮಿಕ್ಸರ್ ಸತ್ತಿತು ಅಂತ ಗಾಬರಿಯಲ್ಲಿ ತಂದವರ ಎದುರು ಆ ಗುಂಡಿ ಒತ್ತಿ ತೋರಿಸಿ ಕಳಿಸಿದ್ದೇನೆ, ಅದಕ್ಕೆ ದುಡ್ಡು ಹೇಗೆ ತೆಗೆದುಕೊಳ್ಳಲಿ? ಮೈಕ್ರೋವೇವ್ ಮಾತ್ರ ಬೇರೆ ಜಾತಿ. ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಎರಡು ಸಾವಿರ ವೋಲ್ಟಿನಷ್ಟು ಹಿಡಿದಿಟ್ಟುಕೊಂಡಿರಬಹುದು, ಮುಟ್ಟಿದರೆ ಜೀವ ಹೋಗುತ್ತದೆ. ಅಲ್ಲಿ ಕೋಡ್ ಬಂದರೆ ಮನೆಯವರು ಬಿಚ್ಚಲೇಬಾರದು ಅಂತ ದೊಡ್ಡದಾಗಿ ಬರೆಯಬೇಕು.

ನೀರಿನ ಯಂತ್ರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ಇಂದು ನಿನ್ನೆಯ ಮಾತಲ್ಲ. ಹಲ್ಲು ಕಂದಾದ ಮಕ್ಕಳನ್ನು ನೋಡಿ ನೋಡಿ ಜನ ಸಾಲ ಮಾಡಿ ನೀರು ಸೋಸುವ ಆರ್‌ಒ ಯಂತ್ರ ಹಾಕಿಸಿಕೊಂಡಿದ್ದಾರೆ. ಫ್ಲೋರೈಡನ್ನು ತಡೆಯುವುದು ಅದರೊಳಗಿನ ಮೆಂಬ್ರೇನ್ ಎಂಬ ತೆಳು ಸೋಸುಪರದೆ. ಅದು ಸವೆದಾಗ ಒಂದು ದೀಪ ಹತ್ತುತ್ತದೆ. ಟ್ಯಾಂಕ್ ತುಂಬಿದರೂ ಒಂದು ದೀಪ, ಮೇಲಿನಿಂದ ನೀರು ಬಾರದಿದ್ದರೂ ಒಂದು ದೀಪ. ಎಲ್ಲದರ ಪಕ್ಕ ಇಂಗ್ಲಿಷ್. ಮೆಂಬ್ರೇನ್ ಸವೆದರೂ ನೀರು ಬರುವುದು ನಿಲ್ಲುವುದಿಲ್ಲ, ನೋಡಲಿಕ್ಕೂ ತಿಳಿಯಾಗಿರುತ್ತದೆ. ಹಾಗಾಗಿ ಒಂದು ಮನೆಯಲ್ಲಿ ಆ ದೀಪ ಎಷ್ಟು ತಿಂಗಳಿನಿಂದ ಹತ್ತಿದೆ ಅಂತ ಕೇಳಿದರೆ "ಅದು ಯಾವಾಗಲೂ ಹಂಗ ಇರತೈತ್ರಿ" ಅಂದರು. ಯಾವ ನೀರಿಗೆ ಹೆದರಿ ಯಂತ್ರ ತಂದರೋ ಅದನ್ನೇ ನಂಬಿಕೆಯಿಂದ ಕುಡಿಯುತ್ತಿದ್ದರು. "ಫಿಲ್ಟರ್ ಮುಗಿದಿದೆ, ಬದಲಿಸದೆ ಕುಡಿಯಬೇಡಿ" ಎಂಬ ನಾಲ್ಕು ಪದಗಳಿಗೆ ಜಾಗ ಇರಲಿಲ್ಲವೇ ಆ ಯಂತ್ರದ ಮೇಲೆ?

ಇಂಡಕ್ಷನ್ ಒಲೆ ಆರಿಸಿದ ಮೇಲೆ ಬರುವ ಎಚ್ ಅಕ್ಷರದ್ದೂ ಇದೇ ಕಥೆ. ಗಾಜು ಇನ್ನೂ ಸುಡುತ್ತಿದೆ, ಮುಟ್ಟಬೇಡಿ ಅಂತ ಅದರ ಅರ್ಥ. ನಮ್ಮ ಬೀದಿಯ ಒಂದು ಮಗು ಬೆಂಕಿ ಕಾಣಲಿಲ್ಲವಲ್ಲ ಅಂತ ಅಂಗೈ ಊರಿತು. ತಾಯಿ ಪಕ್ಕದಲ್ಲೇ ಇದ್ದಳು, ಆ ಅಕ್ಷರವನ್ನು ನೋಡುತ್ತಲೂ ಇದ್ದಳು.

ಕಾನೂನು ಏನು ಹೇಳುತ್ತದೆ ಅಂತ ತಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ನಾನು ಓದಿ ತಿಳಿದದ್ದನ್ನು ಮುಂದಿಡುತ್ತೇನೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಂ ಪ್ರಕಾರ, ಹಾನಿ ತಪ್ಪಿಸಲು ಬೇಕಾದ ಸರಿಯಾದ ಬಳಕೆಯ ಸೂಚನೆಯನ್ನೋ ತಪ್ಪು ಬಳಕೆಯ ಎಚ್ಚರಿಕೆಯನ್ನೋ ಸಾಕಷ್ಟು ಕೊಡದಿದ್ದರೆ ತಯಾರಕನೇ ಹೊಣೆ. ಕೊಂಡವರು ಓದಲಾರದ ಭಾಷೆಯಲ್ಲಿ ಕೊಟ್ಟ ಸೂಚನೆ ಸಾಕಷ್ಟು ಆಗುತ್ತದೆಯೇ ಅಂತ ನಾನು ತಮ್ಮನ್ನು ಕೇಳುತ್ತೇನೆ. ಪೊಟ್ಟಣದ ಸರಕುಗಳ ಬಗ್ಗೆ ಇರುವ 2011ರ ನಿಯಮಗಳಲ್ಲಿ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು ಅಂತಿದೆ, ಅದರ ಜೊತೆಗೆ ಬೇರೆ ಭಾಷೆಯನ್ನೂ ಹಾಕಬಹುದು ಅಂತಲೂ ಇದೆ. ಕನ್ನಡ ಹಾಕಬೇಡಿ ಅಂತ ಯಾರೂ ತಡೆದಿಲ್ಲ. ನಮ್ಮದೇ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಅನ್ನುತ್ತದೆ. ಅದನ್ನು ತಂದವರಿಗೆ ನನ್ನ ನಮಸ್ಕಾರ. ಆದರೆ ನನ್ನ ಅಂಗಡಿಗೆ ಬರುವ ಒಲೆಗಳ ಬೆನ್ನ ಮೇಲಿನ ಚೀಟಿ ಓದಿದರೆ ಬಹುಪಾಲು ಹೊರರಾಜ್ಯದಲ್ಲಿ, ಕೆಲವು ಹೊರದೇಶದಲ್ಲಿ ತಯಾರಾದವು. ಎಲ್ಲಿ ತಯಾರಾಯಿತು ಅನ್ನುವುದಕ್ಕಿಂತ ಎಲ್ಲಿ ಮಾರಾಟವಾಯಿತು ಅನ್ನುವುದನ್ನು ಹಿಡಿದು ನಿಯಮ ಮಾಡಿದರೆ ಆ ತಾಯಿಯ ಅಡುಗೆಮನೆಗೆ ಅದು ತಲುಪುತ್ತದೆ. ಅಲ್ಲದೆ ಡಬ್ಬಿಯ ಮೇಲೆ ಅಚ್ಚು ಹಾಕಿದರೆ ಸಾಲದು. ಡಬ್ಬಿ ಅಟ್ಟ ಸೇರುತ್ತದೆ ಇಲ್ಲವೆ ರದ್ದಿಗೆ ಹೋಗುತ್ತದೆ. ಯಂತ್ರದ ಮೈಮೇಲೆ ಇರಬೇಕು.

ನಾನು ಕೇಳುವ ಚೀಟಿ ಅಂಗೈ ಅಗಲದ್ದು. ತಳದಲ್ಲಿ ಬೇಡ, ಮಗುಚಿ ನೋಡಬೇಕಾಗುತ್ತದೆ. ಬದಿಗೆ, ಬಟನ್‌ಗಳ ಹತ್ತಿರ, ಎಣ್ಣೆ ಜಿಡ್ಡಿಗೂ ಒದ್ದೆ ಬಟ್ಟೆಗೂ ಅಳಿಯದ ಅಚ್ಚಿನಲ್ಲಿ. ಆಯಾ ಕೋಡ್‌ನ ಎದುರಿಗೆ ಇಷ್ಟು ಬರೆದರೆ ಸಾಕು: ಪಾತ್ರೆ ಇಲ್ಲ ಅಥವಾ ಹೊಂದುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟುವ ಸಪಾಟ ಪಾತ್ರೆ ಇಡಿ. ಕರೆಂಟು ಕಡಿಮೆ ಇದೆ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿ. ಕರೆಂಟು ಹೆಚ್ಚು ಬರುತ್ತಿದೆ, ಒಲೆಯ ಪ್ಲಗ್ ತೆಗೆಯಿರಿ, ಫ್ರಿಜ್, ಟಿವಿಯನ್ನೂ ಬಂದ್ ಮಾಡಿ, 1912ಕ್ಕೆ ತಿಳಿಸಿ. ಒಳಗೆ ಬಿಸಿ ಏರಿದೆ, ಕೆಳಗೆ ಪೇಪರ್, ಬಟ್ಟೆ ಇದ್ದರೆ ತೆಗೆದು ಹದಿನೈದು ನಿಮಿಷ ಬಿಡಿ. ಒಳಗಿನ ಭಾಗ ಕೆಟ್ಟಿದೆ, ಬಿಚ್ಚಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಗಾಜು ಬಿಸಿ ಇದೆ, ಮುಟ್ಟಬೇಡಿ. ಇದರ ಜೊತೆ, ದೊಡ್ಡ ಪ್ಲಗ್ಗಿಗೇ ಹಾಕಿ ಅಂತ ಇನ್ನೊಂದು ಸಾಲು. 2000 ವ್ಯಾಟಿನ ಒಲೆ ಎಂಟೂವರೆ ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಪಿನ್ ಬದಲಿಸಿ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಹಾಕಿ, ಪ್ಲಾಸ್ಟಿಕ್ ಕರಗಿ ಗೋಡೆ ಕಪ್ಪಾದ ಮನೆಗಳಿಗೆ ನಾನು ಹೋಗಿ ಬಂದಿದ್ದೇನೆ.

ಬರೆಸುವಾಗ ದಯವಿಟ್ಟು ಇಂಗ್ಲಿಷ್ ಸಾಲನ್ನು ಯಂತ್ರಕ್ಕೆ ಹಾಕಿ ಕನ್ನಡ ಮಾಡಿಸಬೇಡಿ. ಒಂದು ಪುಸ್ತಿಕೆಯಲ್ಲಿ "ಉಪಕರಣವನ್ನು ಭೂಮಿಗೆ ಸೇರಿಸತಕ್ಕದ್ದು" ಅಂತ ಬರೆದಿದ್ದರು. ಅರ್ಥಿಂಗ್ ಇರುವ ಸಾಕೆಟ್ಟಿಗೆ ಹಾಕಿ ಅಂತ ಹೇಳಬೇಕಿತ್ತು ಅವರು. ಅದನ್ನು ಓದಿ ಯಾರಿಗೆ ತಿಳಿಯಬೇಕು? "ದೋಷ ಸಂಕೇತ", "ವಿಭವ ನ್ಯೂನತೆ" ಅಂಥ ಪದಗಳೂ ಬೇಡ. ಕರೆಂಟು, ಪ್ಲಗ್, ಪಾತ್ರೆ, ಬಿಸಿ, ನಾವು ದಿನಾ ಆಡುವ ಮಾತೇ ಸಾಕು. ಪ್ರಾಧಿಕಾರದವರು ನಾಲ್ಕು ಜನ ಗೃಹಿಣಿಯರು, ನಾಲ್ಕು ಜನ ಮೆಕ್ಯಾನಿಕ್‌ಗಳನ್ನು ಕೂರಿಸಿಕೊಂಡು ಒಂದು ದಿನದಲ್ಲಿ ಇದನ್ನು ಬರೆಸಬಹುದು. ಕಲಬುರಗಿಯ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಹೊಂದುವ ಸಾಲು ಹುಡುಕುವುದು ಕಷ್ಟವೇನಲ್ಲ. ಆ ಮಾದರಿಯನ್ನು ಎಲ್ಲ ಕಂಪನಿಗಳಿಗೆ ಕಳಿಸಿದರೆ, ಮುಂದೆ ಕೋಡ್‌ಗಳನ್ನೂ ಎಲ್ಲರೂ ಒಂದೇ ಅರ್ಥದಲ್ಲಿ ಬಳಸುವ ಮಾತು ಅಲ್ಲಿಂದಲೇ ಶುರುವಾಗಬಹುದು.

ಕಂಪನಿಯವರಿಗೆ ಪ್ರತ್ಯೇಕವಾಗಿ ಒಂದು ಮಾತು. ಚೀಟಿ ಹಾಕಿದರೆ ಸರ್ವಿಸ್‌ಗೆ ಬರುವ ಸುಳ್ಳು ದೂರು ಕಡಿಮೆಯಾಗುತ್ತದೆ, ವಾರಂಟಿ ಇರುವಾಗ ಪಾತ್ರೆ ಬದಲಿಸಿಕೊಳ್ಳಿ ಅಂತ ಹೇಳಲು ನಿಮ್ಮ ಹುಡುಗ ಹೊಸಪೇಟೆಯಿಂದ ಹೊಳೆ ದಾಟಿ ಬರುವುದು ತಪ್ಪುತ್ತದೆ. ನನಗೆ ಬರುವ ಗಿರಾಕಿಯೂ ಕಡಿಮೆಯಾಗಬಹುದು. ಆಗಲಿ. ಕೆಡದ ಸಾಮಾನು ನನ್ನ ಮುಂದೆ ಬಂದು ಕೂರುವುದರಿಂದ ನನಗೆ ಸಿಗುವ ದುಡ್ಡು ನನಗೆ ಬೇಡ. ನಿಜವಾಗಿ ಕೆಟ್ಟದ್ದನ್ನು ಕೆಡದ ಹಾಗೆ ಮಾಡಿಕೊಡುವುದೇ ನಾನು ಕಲಿತ ವಿದ್ಯೆ.

ನನ್ನ ನೋಟ್‌ಬುಕ್ಕಿನ ಅಷ್ಟೂ ಪುಟಗಳ ನಕಲು ತೆಗೆಸಿ ಕೊಡಲು ನಾನು ತಯಾರಿದ್ದೇನೆ. ಅದರಲ್ಲಿ ತಪ್ಪಿದ್ದರೆ ನಿಮ್ಮ ಎಂಜಿನಿಯರುಗಳು ತಿದ್ದಲಿ.

ಆ ತಾಯಿಯ ಒಲೆಗೆ ಅವತ್ತು ಬಿಳೀ ಟೇಪ್ ಅಂಟಿಸಿ, ಮಾರ್ಕರ್ ಪೆನ್ನಿನಲ್ಲಿ "ಹಣಿಗಿ, ಕೋಲು ಬಂದರೆ ಕರೆಂಟು ಕಡಿಮೆ. ಒಂದು ತಾಸು ಬಿಟ್ಟು ಹಚ್ಚಿ" ಅಂತ ಬರೆದು ಕಳಿಸಿದೆ. ಅಂದಿನಿಂದ ಅಂಗಡಿ ಬಿಟ್ಟು ಹೋಗುವ ಪ್ರತಿ ಒಲೆಗೂ ಹಾಗೇ ಬರೆಯುತ್ತಿದ್ದೇನೆ. ದೀಪಾವಳಿ ಹೊತ್ತಿಗೆ ಅವರು ಮತ್ತೆ ಬಂದಿದ್ದರು, ಪೇಟೆಗೆ ಬಂದಾಗ ದಾರಿಯಲ್ಲಿ. ಒಲೆ ಚೆನ್ನಾಗಿದೆಯಂತೆ. ಟೇಪಿನ ಮೇಲಿನ ಅಕ್ಷರ ಮಾತ್ರ ಎಣ್ಣೆ ಕೈ ತಾಗಿ ತಾಗಿ ಅಳಿಸಿದೆ, ಇನ್ನೊಂದು ಸಲ ಬರೆದುಕೊಡು ತಮ್ಮಾ, ಅಂದರು.

ತಮ್ಮ ವಿಶ್ವಾಸಿ,
ಗಂಗಾವತಿಯ ಒಬ್ಬ ರಿಪೇರಿ ಅಂಗಡಿಯವ
ಕೊಪ್ಪಳ ಜಿಲ್ಲೆ